ನೂರಾ ಹನ್ನೆರಡಕ್ಕೆ ನೂರಾ ಹನ್ನೆರಡು

ಕಳೆದ ವಾರ ನಮ್ಮ ಮನೆಗೆ ಒಣದ್ರಾಕ್ಷಿಯ ಒಂದು ರಟ್ಟಿನ ಡಬ್ಬಿ ಬಂತು. ನಮ್ಮ ಕಡೆ ಅದಕ್ಕೆ ಮಣೂಕ ಅನ್ನುತ್ತೇವೆ. ನಾವ್ಯಾರೂ ಮನೆಯಲ್ಲಿರಲಿಲ್ಲ, ಪಕ್ಕದ ಮನೆಯವರು ಇಸಿದುಕೊಂಡು, ‘ಅರಕೇರಿಯವ್ರಂತ’ ಎಂದಷ್ಟೇ ಹೇಳಿ ಒಳಗಿಟ್ಟು ಹೋದರು. ಅವ್ವ ಡಬ್ಬಿಯ ಬಾಯಿಗೆ ಹಚ್ಚಿದ ಪಟ್ಟಿಯನ್ನು ಚಾಕುವಿನಿಂದ ಸೀಳಿದಳು. ಒಳಗಿನಿಂದ ಹುಳಿಸಿಹಿ ವಾಸನೆ ಬಂತು, ಅದರ ಬೆನ್ನಿಗೇ ಮೂಗಿನ ತುದಿಯನ್ನು ಚುಚ್ಚುವ ಒಣಗಿಸುವಾಗ ಹಿಡಿಸುವ ಗಂಧಕದ ಹೊಗೆಯ ಒಂದು ಎಳೆ. ನಾನು ಎರಡು ಸಲ ಸೀನಿದೆ. ಅವ್ವ ಡಬ್ಬಿಯ ಮಗ್ಗುಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದಳು: ‘ಬಾಗಿಲಾ ಬಲಕ್ಕ, ಮೂರನೇ ಸಾಲ, ಕೆಳಗಿಂದ ಎರಡು.’

“ಏ, ಇದೇನ? ಮಣೂಕ ಕಳಿಸ್ಯಾರೋ, ಯಾರದರ ಮನಿ ವಿಳಾಸ ಕಳಿಸ್ಯಾರೋ?”

ನಾನು ಉತ್ತರ ಕೊಡಲಿಲ್ಲ. ಆ ಅಕ್ಷರಗಳನ್ನೇ ನೋಡುತ್ತ ಕೂತೆ.

ನನ್ನನ್ನು ಬಲ್ಲವರು ಇದನ್ನು ನಂಬಲಾರರು. ನೀವು ಬಲ್ಲವರಲ್ಲ, ಆದ್ದರಿಂದ ಹೇಳಿಬಿಡುತ್ತೇನೆ: ನಾನು ವಾದ ಮಾಡುವವಳು. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆ ಯಾವ ಊರಿನಲ್ಲಿದ್ದರೂ ಬಸ್ಸು ಹತ್ತುತ್ತಿದ್ದೆ. ವೇದಿಕೆ ಏರುವ ಮೊದಲು ಒಂದು ಚೀಟಿ ಎತ್ತಬೇಕು. ಅದರಲ್ಲಿ ‘ಪರ’ ಎಂದಿದ್ದರೆ ಪರ, ‘ವಿರುದ್ಧ’ ಎಂದಿದ್ದರೆ ವಿರುದ್ಧ. ಮೊಬೈಲ್ ಮನುಷ್ಯನಿಗೆ ವರ ಎಂದು ಸೋಮವಾರ ಒಂದು ಊರಿನಲ್ಲಿ ಸಾಧಿಸಿ, ಅದೇ ಮೊಬೈಲ್ ಶಾಪವೆಂದು ಗುರುವಾರ ಇನ್ನೊಂದು ಊರಿನಲ್ಲಿ ಸಾಧಿಸಿ, ಎರಡೂ ಕಡೆಯಿಂದ ಬಹುಮಾನದ ಫಲಕ ಹೊತ್ತು ತಂದಿದ್ದೇನೆ. ಅವುಗಳಲ್ಲಿ ಒಂದರ ಮೇಲೆ ಅವ್ವ ಈಗ ಮಿಕ್ಸರ್ ಇಟ್ಟಿದ್ದಾಳೆ, ಅಲುಗಾಡುವುದಿಲ್ಲವಂತೆ. ಆ ವಿಷಯದಲ್ಲಿ ನೀನು ನಿಜವಾಗಿ ಏನು ನಂಬುತ್ತೀ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಕಲಿತದ್ದು ಒಂದು ಉಪಾಯ ಮಾತ್ರ. ಎದುರಿನವರು ತಡವರಿಸಿದರೆ, ‘ಒಂದೇ ಒಂದು ಉದಾಹರಣೆ ಕೊಡಿ’ ಎನ್ನಬೇಕು. ಕೊಡಲಾಗದಿದ್ದರೆ ಅವರು ಹೇಳಹೊರಟದ್ದು ಇಲ್ಲವೇ ಇಲ್ಲ ಎಂದಾಯಿತು. ಈ ಉಪಾಯ ಹೋದ ವರ್ಷ ಬಸ್ಸು ಹತ್ತಿ ನನ್ನ ಜೊತೆ ಟಿಕೋಟಾಕ್ಕೆ ಬಂತು.

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ, ಕಂಪ್ಯೂಟರ್ ರಿಪೇರಿಯಿಂದ ಹಿಡಿದು ನೆಟ್‌ವರ್ಕ್ ಜೋಡಿಸುವವರೆಗೆ ಎಲ್ಲವನ್ನೂ ಮಾಡುವ ಸಣ್ಣ ಅಂಗಡಿಯೊಂದರಲ್ಲಿ ನನಗೆ ಕೆಲಸ. ಹೋದ ವರ್ಷ ನಮಗೊಂದು ದೊಡ್ಡ ಗಿರಾಕಿ ಸಿಕ್ಕಿತು. ರೈತರ ಒಣದ್ರಾಕ್ಷಿಯನ್ನು ತಂಪಿನಲ್ಲಿ ಕಾಯ್ದಿಡುವ ಕಂಪನಿ. ಮುಖ್ಯ ಕಚೇರಿ ವಿಜಯಪುರದಲ್ಲಿ, ಸಣ್ಣದೊಂದು ಆಫೀಸು ಬಬಲೇಶ್ವರದಲ್ಲಿ, ಕೋಲ್ಡ್ ಸ್ಟೋರೇಜ್ ಟಿಕೋಟಾದಲ್ಲಿ. ಮೂರೂ ಕಡೆಯ ಕಂಪ್ಯೂಟರುಗಳನ್ನು ಹಳೆಯ ಡೊಮೇನಿನಿಂದ ಬಿಡಿಸಿ ಹೊಸ ಡೊಮೇನಿಗೆ ಸೇರಿಸಬೇಕು.

ಡೊಮೇನ್ ಎಂದರೇನು ಎಂದು ಕೇಳುತ್ತೀರಿ. ರೇಷನ್ ಕಾರ್ಡ್ ಎಂದುಕೊಳ್ಳಿ. ಯಾರು ಈ ಮನೆಯವರು, ಯಾರಿಗೆ ಏನು ಸಲ್ಲಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಮದುವೆಯಾದವಳು ತವರಿನ ಕಾರ್ಡಿನಿಂದ ಹೆಸರು ತೆಗೆಸಿ ಗಂಡನ ಮನೆಯ ಕಾರ್ಡಿಗೆ ಸೇರಿಸುವುದಿಲ್ಲವೇ, ಇದೂ ಹಾಗೆಯೇ. ನಡುವೆ ಸ್ವಲ್ಪ ಹೊತ್ತು ಅವಳು ಎರಡೂ ಕಡೆ ಇರುವುದಿಲ್ಲ. ಸೇರಿದ ಮೇಲೂ ಒಂದು ವಿಚಿತ್ರ: ಅದೇ ಯಂತ್ರ, ಅದೇ ಮನುಷ್ಯ, ಆದರೆ ಕಂಪ್ಯೂಟರಿನ ತೆರೆ ಮಾತ್ರ ಬೋಳುಬೋಳಾಗಿ, ಗುರುತೇ ಇಲ್ಲದವರಂತೆ ಎದುರು ನಿಲ್ಲುತ್ತದೆ. ಹಳೆಯದೆಲ್ಲ ಒಳಗೆ ಒಂದು ಮೂಲೆಯಲ್ಲಿ ಗಂಟು ಕಟ್ಟಿ ಕೂತಿರುತ್ತದೆ. ಅದನ್ನು ಬಿಚ್ಚಿ ಹೊಸ ಕಡೆಗೆ ಸಾಗಿಸುವುದು ನನ್ನ ಕೆಲಸ.

ವಿಜಯಪುರದ ಕಚೇರಿ ಮುಗಿದ ದಿನ ಅಲ್ಲಿನ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದರು.

“ಟಿಕೋಟಾದಾಗ ಹಸನ್‌ಸಾಬ್ ಅಂತ ಅದಾನ. ಸ್ಟೋರ್ ಅಂವನ ನೋಡ್ಕೋತಾನ. ಒಳ್ಳೇ ಮನಶ್ಯಾ, ಇಲ್ಲ ಅನ್ನಂಗಿಲ್ಲ. ಆದ್ರ ಹೊಸಾದು ಅಂದ್ರ ಮೈಗೆ ಹಚ್ಕೊಳ್ಳಂಗಿಲ್ಲ. ಯಾವ ಮಾಲ ಯಾವ ಜಾಗಾದಾಗ ಐತಿ ಬರದಿಡು ಅಂತ ಕಂಪ್ಯೂಟರಿನಾಗ ಒಂದು ಖಾನೆ ಮಾಡಿಸಿಕೊಟ್ವಿ. ಒಂದ ದಿನಾ ತುಂಬಿಲ್ಲ. ಇದೆಲ್ಲಾ ಅವನ ಕೈಲೆ ಆಗೂದಿಲ್ಲ ಅನಿಸಿದ್ರ ಬರದ ಕೊಡ್ರಿ. ಬಬಲೇಶ್ವರದ ಗೇಟ ಕಾಯಾಕ ಹಾಕಿ, ಸ್ಟೋರಿಗೆ ಬ್ಯಾರೆಯವ್ರನ್ನ ತರ್ತೀವಿ.”

ಹೀಗೆ, ಕಂಡೇ ಇಲ್ಲದ ಒಬ್ಬ ಮನುಷ್ಯ ಒಳಗೆ ಇರಬೇಕೋ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂರಬೇಕೋ ಎನ್ನುವುದು ನನ್ನ ಅರ್ಧ ಪುಟದ ವರದಿಗೆ ಬಂದು ನಿಂತಿತು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ತೀರ್ಪುಗಾರರ ಕುರ್ಚಿಯಲ್ಲಿ ನಾನು ಅದುವರೆಗೆ ಕೂತಿರಲಿಲ್ಲ.

ಮರುದಿನ ಬಬಲೇಶ್ವರ. ಅಲ್ಲಿನ ಗುಮಾಸ್ತೆ ನೀಲಮ್ಮನವರು ಕಾಖಂಡಕಿಯಿಂದ ದಿನವೂ ಬಸ್ಸಿಗೆ ಬರುವವರು. ಹೊಸ ಡೊಮೇನಿಗೆ ಸೇರಿದ ಅವರ ಕಂಪ್ಯೂಟರ್ ತೆರೆದುಕೊಂಡ ಕೂಡಲೇ ಎದೆಯ ಮೇಲೆ ಕೈಯಿಟ್ಟುಕೊಂಡರು. “ನಮ್ಮ ಎಮ್ಮಿ ಎಲ್ಲಿ ಹೋತ್ರಿ?” ತೆರೆಯ ತುಂಬ ಅವರ ಎಮ್ಮೆಯ ಫೋಟೋ ಇತ್ತಂತೆ. ನಾನು ಗಂಟಿನೊಳಗೆ ಕೈಹಾಕಿ ಎಮ್ಮೆಯನ್ನು ಹುಡುಕಿ ತಂದು ಮೊದಲಿನಂತೆ ಕಟ್ಟಿದೆ. “ಈಗ ನಮ್ಮ ಆಫೀಸ್ ಆತ್ ನೋಡ್ರಿ” ಎಂದು ಅವರು ಕೆಲಸಕ್ಕೆ ಕೂತರು. ನಾನೂ ಒಂದು ತೀರ್ಮಾನಕ್ಕೆ ಬಂದೆ: ಜನರಿಗೆ ಬೇಕಾದದ್ದು ಚಿತ್ರ, ಉಳಿದದ್ದೆಲ್ಲ ಅವರಿಗೆ ಒಂದೇ. ಒಂದೇ ಉದಾಹರಣೆಯಿಂದ ಇಡೀ ಮನುಷ್ಯಕುಲದ ಬಗ್ಗೆ ತೀರ್ಮಾನಿಸುವವರನ್ನು ವೇದಿಕೆಯ ಮೇಲೆ ನಾನು ಎಷ್ಟು ಸಲ ಹರಿದು ಹಾಕಿದ್ದೆನೋ!

ಟಿಕೋಟಾದಲ್ಲಿ ಹಸನ್‌ಸಾಬ್ ಕಾಕಾ ಹೊರಗೇ ಕಾಯುತ್ತಿದ್ದರು. ಸುಡುವ ಬಿಸಿಲು. ಅವರ ಮೈಮೇಲೆ ಉಣ್ಣೆಯ ಸ್ವೆಟರ್, ಕೊರಳಲ್ಲಿ ಮಫ್ಲರ್. ದಿನಕ್ಕೆ ಹತ್ತು ಸಲ ತಂಪಿನ ಕೋಣೆಗೆ ಹೋಗಿಬರುವವರಿಗೆ ಒಂದೇ ದಿನದಲ್ಲಿ ಎರಡು ಹವೆಗೆ ಬಟ್ಟೆ ತೊಡಲಾಗುವುದಿಲ್ಲ.

“ಮೊದಲ ಚಾ ಕುಡೀರಿ ಮೇಡಮ್ಮಾರ. ಆಮ್ಯಾಲ ನಮ್ಮ ಕಂಪ್ಯೂಟರಿನ ಲಗ್ನಾ ಮಾಡೂಣಂತ.”

ಚಹಾ ಕುಡಿದು ಕಂಪ್ಯೂಟರಿನ ಮುಂದೆ ಕೂತವಳು ನಕ್ಕುಬಿಟ್ಟೆ. ತೆರೆಯ ತುಂಬ ಫೈಲುಗಳು, ರೈತರ ಹೆಸರಿನಲ್ಲಿ ತಲೆಗೊಂದು. ಸಾಲಿಲ್ಲ, ಕ್ರಮವಿಲ್ಲ. ಎಡಕ್ಕೆ ಒಂದು ದಟ್ಟ ಗುಂಪು; ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಖಾಲಿ ಪಟ್ಟಿ; ಬಲಕ್ಕೆ ಎರಡೆರಡು ಮೂರುಮೂರು; ದೂರದ ಮೂಲೆಯಲ್ಲಿ ಒಂಟಿಯಾಗಿ ಒಂದು. ಒಣಹಾಕಿದ ಹಪ್ಪಳದಲ್ಲಿ ಕೋಳಿ ನುಗ್ಗಿ ಹೋದ ಹಾಗೆ.

“ಇದೇನ್ರಿ ಕಾಕಾ, ಸಂತಿ?”

“ಸಂತೀನ ಅನ್ರಿ. ಆದ್ರ ಅದನ್ನ ಹಂಗ ಇರಾಕ ಬಿಡ್ರಿ.”

“ಯಾಕ?”

“ಹಂಗ ಇದ್ರ ನನಗ ಗೊತ್ತಾಗತೈತ್ರಿ.”

“ಏನ್ ಗೊತ್ತಾಗತೈತಿ?”

ಕಾಕಾ ಒಮ್ಮೆ ಮೇಜಿನ ಮೇಲಿದ್ದ ಫೋನಿನ ಕಡೆ ನೋಡಿದರು, ಒಮ್ಮೆ ನನ್ನ ಕಡೆ. “ಅದು... ಎಲ್ಲಾ” ಎಂದರು.

ಆಗ ನನ್ನೊಳಗಿನ ಸ್ಪರ್ಧಿ ಎದ್ದು ನಿಂತಳು. ಎದುರಿನವರು ತಡವರಿಸುತ್ತಿದ್ದಾರೆ; ಗಂಟೆ ಬಾರಿಸುವ ಮೊದಲು ಮುಗಿಸಬೇಕು.

“ಈ ಕೆಲಸದಾಗ ಯಾವ ಫೈಲ್ ಹೋಗತೈತಿ ಹೇಳ್ರಿ ಕಾಕಾ. ಒಂದ ಒಂದು ಹೆಸರು ಹೇಳ್ರಿ ನೋಡೂಣು.”

“ಫೈಲ್ ಹೋಗತೈತಿ ಅಂತ ನಾ ಎಲ್ಲಿ ಅಂದೇನ್ರಿ?”

“ಮತ್ತ ಏನ್ ಹೋಗತೈತಿ?”

“ಅದನ್ನ ಹೆಂಗ ಹೇಳ್ಲಿ ಅಂತ ತಿಳೀವಲ್ದು.”

“ಹೇಳಾಕ ಬರದಿದ್ದು ಅಂದ್ರ ಇಲ್ಲದ್ದು, ಕಾಕಾ.”

ಅವರು ನಕ್ಕರು. “ಸಾಲ್ಯಾಗ ನಿಮ್ಮ ಬಾಜೂಕ ಯಾರ್ ಕುಂದರ್ತಿದ್ರಿ? ಪಾಪ.”

ಇದನ್ನು ನಾನು ಸೋಲೊಪ್ಪಿಗೆ ಎಂದು ಭಾವಿಸಿದೆ. ಅವರೆದುರೇ ಫೈಲುಗಳನ್ನು ಎಣಿಸಿದೆ: ನೂರಾ ಹನ್ನೆರಡು. ಕಂಪ್ಯೂಟರನ್ನು ಹಳೆಯ ಡೊಮೇನಿನಿಂದ ಬಿಡಿಸಿ, ಹೊಸದಕ್ಕೆ ಸೇರಿಸಿ, ಗಂಟು ಬಿಚ್ಚಿ ಎಲ್ಲವನ್ನೂ ಹೊಸ ತೆರೆಗೆ ತಂದೆ. ಮತ್ತೆ ಎಣಿಸಿದೆ. “ನೂರಾ ಹನ್ನೆರಡಕ್ಕ ನೂರಾ ಹನ್ನೆರಡು” ಎಂದೆ, ಫಲಿತಾಂಶ ಓದುವವರ ಧಾಟಿಯಲ್ಲಿ. ಫೈಲುಗಳು ಈಗ ಹೆಸರಿನ ಮೊದಲಕ್ಷರ ಹಿಡಿದು ಎಡದಂಡೆಯಿಂದ ನೆಟ್ಟಗೆ ಸಾಲುಗಟ್ಟಿ ನಿಂತಿದ್ದವು. ಕಾಕಾ ಬಹಳ ಹೊತ್ತು ನೋಡಿದರು. “ಚಂದ ಕಾಣತೈತ್ರಿ” ಎಂದು, ‘ಎಲ್ಲ ಕಡತಗಳೂ ಸರಿಯಾಗಿ ಬಂದಿವೆ’ ಎಂಬ ಕಾಗದಕ್ಕೆ ನಿಧಾನವಾಗಿ ಸಹಿ ಮಾಡಿದರು.

ಹಳೆಯ ಗಂಟನ್ನು ಒಂದು ತಿಂಗಳು ಹಾಗೇ ಇಟ್ಟುಕೊಳ್ಳಬೇಕು ಎನ್ನುವುದು ನಮ್ಮ ಅಂಗಡಿಯ ನಿಯಮ. ಆ ಕಂಪ್ಯೂಟರಿನಲ್ಲಿ ಜಾಗ ಕಡಿಮೆಯಿತ್ತು. ಅದಕ್ಕಿಂತ ಹೆಚ್ಚಾಗಿ, ನಾನು ಗೆದ್ದಿದ್ದೆ. ಗೆದ್ದ ವಾದಕ್ಕೆ ಮತ್ತೆ ಸಾಕ್ಷಿ ಏಕೆ? ಅಂದೇ ಅಳಿಸಿದೆ.

ಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು. ಕಾಕಾ ಈ ಸಲ ನನ್ನನ್ನು ಮೇಡಮ್ ಅನ್ನಲಿಲ್ಲ.

“ಯವ್ವಾ, ಫೈಲ್ ಎಲ್ಲಾ ಅದಾವು. ನೀವ್ ಅಂದಿದ್ದು ಖರೆ ಐತಿ. ಆದ್ರ ಅರಕೇರಿ ಮಲ್ಲಪ್ಪ ಗಾಡಿ ತಗೊಂಡ್ ಬಂದಾನ, ಅವನ ಮಾಲ ಎಲ್ಲೈತಿ ಅಂತ ಗೊತ್ತಾಗವಲ್ದು.”

“ಅವರ ಫೈಲ್ ತಗದ ನೋಡ್ರಿ.”

“ಫೈಲಿನಾಗ ಅಂವ ಎಂದ ತಂದಾನ, ಎಷ್ಟ ಡಬ್ಬಿ ತಂದಾನ, ಎಲ್ಲಾ ಐತಿ. ಎಲ್ಲಿ ಐತಿ ಅನ್ನೂದು ಫೈಲಿನ ಒಳಗ ಇದ್ದಿದ್ದಿಲ್ಲ. ಫೈಲ್ ಎಲ್ಲಿತ್ತೋ ಮಾಲ ಅಲ್ಲಿತ್ತು.”

ಈ ಮಾತು ನನ್ನ ತಲೆಗೆ ಹೋಗಲು ಟಿಕೋಟಾ ಬಸ್ಸಿನ ಅರ್ಧ ದಾರಿ ಬೇಕಾಯಿತು. ಇಡೀ ತೆರೆ ಆ ತಂಪಿನ ಕೋಣೆಯಾಗಿತ್ತು. ಕೆಳಗಿನ ಅಂಚು ಬಾಗಿಲು. ನಡುವಿನ ಖಾಲಿ ಪಟ್ಟಿ ನಡೆದಾಡುವ ದಾರಿ. ಎಡಕ್ಕೆ ದಟ್ಟವಾಗಿದ್ದದ್ದು ಎಡಗೋಡೆಯ ಪಕ್ಕ ಒತ್ತಾಗಿ, ಒಂದರ ಮೇಲೊಂದು ಹಚ್ಚಿದ ಡಬ್ಬಿಗಳ ಥಪ್ಪಿಗಳು. ಒಬ್ಬ ರೈತನ ಥಪ್ಪಿಯನ್ನು ಆಚೆಗೆ ಸರಿಸಿದರೆ ಕಾಕಾ ಹೊರಬಂದು, ಕೈಯುಜ್ಜಿಕೊಂಡು, ಅವನ ಫೈಲನ್ನೂ ತೆರೆಯ ಮೇಲೆ ಅಷ್ಟೇ ಆಚೆಗೆ ಎಳೆಯುತ್ತಿದ್ದರು. ಮಾಲು ಹೊರಹೋದರೆ ಫೈಲೂ ತೆರೆಯಿಂದ ಹೊರಗೆ. ಇಷ್ಟು ಮಾಡುವವರಿಗೆ ಖಾನೆ ತುಂಬುವುದು ಏಕೆ ಬೇಕು? ಆದರೆ ಖಾನೆಯ ಬದಲು ಈ ದಾರಿ ಹಿಡಿದದ್ದು ಮ್ಯಾನೇಜರಿಗೆ ಗೊತ್ತಾಗುವ ಹೆದರಿಕೆಯೂ ಇತ್ತು. ಅದಕ್ಕೇ ಅಂದು ಫೋನಿನ ಕಡೆ ನೋಡಿದ್ದು, ಅದಕ್ಕೇ ‘ಎಲ್ಲಾ’ ಎಂದು ಸುಮ್ಮನಾದದ್ದು. ಮುಖ್ಯ ಕಚೇರಿ ಕಳಿಸಿದ ಹುಡುಗಿಯ ಮುಂದೆ ಇನ್ನೇನು ಹೇಳಿಯಾರು?

ನಾನು ಹೋದಾಗ ಕಾಕಾ ಕೋಣೆಯಿಂದ ಆಗಷ್ಟೇ ಹೊರಬಂದಿದ್ದರು. ಮಂಗನಟೋಪಿಯೊಳಗೆ ಮೂಗಿನ ತುದಿ ಕೆಂಪಾಗಿತ್ತು. ಮಲ್ಲಪ್ಪ ಎನ್ನುವವರು ಗಾಡಿಗೆ ಒರಗಿ ನಿಂತಿದ್ದರು. ಮರುದಿನ ಅವರು ಲಿಲಾವಿಗೆ, ಅಂದರೆ ಹರಾಜಿಗೆ, ಮಾಲು ಮುಟ್ಟಿಸಬೇಕಿತ್ತು.

“ಬರ್ರಿ, ಬರ್ರಿ. ಇವ್ರೇನು ನಮ್ಮ ಮಂದೀನೆಲ್ಲಾ ಎಬಿಸಿಡಿ ಹಿಡದು ಪಾಳಿ ಹಚ್ಚಿ ನಿಂದರಿಸಿದವ್ರು?” ಎಂದು ಮಲ್ಲಪ್ಪ ಕಾಕಾನನ್ನು ಕೇಳಿದರು.

ನಾನು ತಲೆತಗ್ಗಿಸಿ ಕಂಪ್ಯೂಟರಿನ ಮುಂದೆ ಕೂತೆ. ಹಳೆಯ ತೆರೆಯಲ್ಲಿ ಯಾವ ಫೈಲು ಎಲ್ಲಿತ್ತು ಎನ್ನುವ ಗುರುತು ಆ ಗಂಟಿನೊಳಗೇ ಇತ್ತು. ಗಂಟು ಇರಲಿಲ್ಲ. ಎದ್ದು ಬಂದು ಕೊನೆಯ ಆಸೆಯಿಂದ ಕೇಳಿದೆ:

“ಇಷ್ಟ ವರ್ಷದಿಂದ ಇಲ್ಲೇ ಅದೀರಿ ಕಾಕಾ. ನಿಮಗ ಬಾಯಿಪಾಠ ಇರಬೇಕಲ್ರಿ?”

“ಯಾಕ ಇರಬೇಕು? ಅದು ಅಲ್ಲಿ ಇತ್ತಲ್ಲ.”

ಇಲ್ಲಿಂದ ನನ್ನ ಗೊಂದಲ ಶುರುವಾದದ್ದು, ಇನ್ನೂ ಮುಗಿದಿಲ್ಲ. ಹಳೆಯ ಮನುಷ್ಯರು ಎಲ್ಲವನ್ನೂ ತಲೆಯಲ್ಲಿಟ್ಟುಕೊಳ್ಳುತ್ತಾರೆ, ಯಂತ್ರವನ್ನು ನಂಬುವುದಿಲ್ಲ ಎಂದುಕೊಂಡಿದ್ದೆ. ಇವರು ನನಗಿಂತ ಹೆಚ್ಚಾಗಿ ಯಂತ್ರವನ್ನು ನಂಬಿದ್ದರು. ಯಂತ್ರದೊಳಗೆ ಇರುವುದನ್ನೆಲ್ಲ ಎಣಿಸಬಲ್ಲೆ ಎಂದುಕೊಂಡಿದ್ದೆ. ಎಣಿಸಿಯೂ ಇದ್ದೆ. ಹಾಗಾದರೆ ಕಳೆದದ್ದು ಏನು? ಫೈಲು ಕಳೆದಿಲ್ಲ. ಮಣೂಕವೂ ಕಳೆದಿಲ್ಲ, ಆ ಗೋಡೆಗಳ ನಡುವೆಯೇ ಎಲ್ಲೋ ಇದೆ. ಕೋಣೆ ಅಲ್ಲೇ ಇದೆ. ನೂರಾ ಹನ್ನೆರಡಕ್ಕೆ ನೂರಾ ಹನ್ನೆರಡು ಇವೆ. ಆದರೂ ಒಬ್ಬ ರೈತ ಗಾಡಿಗೆ ಒರಗಿ ನಿಂತೇ ಇದ್ದಾನೆ.

ನಾನು ಕಾಕಾನ ಇನ್ನೊಂದು ಸ್ವೆಟರ್ ತೊಟ್ಟು ಅವರ ಜೊತೆ ಒಳಗೆ ಹೋದೆ. ಮಲ್ಲಪ್ಪನವರೂ ಬಂದರು. ಡಬ್ಬಿಗಳ ಒಂದು ಮಗ್ಗುಲಿಗೆ ಮಾತ್ರ ಹೆಸರಿನ ಚೀಟಿ. ಅರ್ಧಕ್ಕರ್ಧ ಡಬ್ಬಿಗಳ ಆ ಮಗ್ಗುಲು ಗೋಡೆಯ ಕಡೆಗೆ. ಸರಿಸು, ಇಣುಕು, ಓದು, ಬರಿ. ಕಾಕಾ ಓದುತ್ತಿದ್ದರು, ನಾನು ಕಾಗದದ ಮೇಲೆ ಕೋಣೆಯ ನಕ್ಷೆ ಬರೆಯುತ್ತಿದ್ದೆ, ಓದಿದ ಥಪ್ಪಿಯ ಮೇಲೆ ನೀಲಿ ಸ್ಕೆಚ್ ಪೆನ್ನಿನಿಂದ ಗುರುತು ಹಾಕುತ್ತಿದ್ದೆ. ಬೆರಳು ಮರಗಟ್ಟಿ ಪೆನ್ನು ಕೈಯಿಂದ ಎರಡು ಸಲ ಬಿತ್ತು. ಗಂಧಕದ ವಾಸನೆಗೆ ಸೀನು ನಿಲ್ಲಲೊಲ್ಲದು.

“ಮೇಡಮ್ಮಾರ” ಎಂದರು ಮಲ್ಲಪ್ಪ, ಹಲ್ಲು ಕಟಕಟಿಸುತ್ತ, “ಇನ್ನ ಒಂದ ತಾಸ್ ಇಲ್ಲೇ ನಿಂತ್ರ ನಮಗೂ ಒಂದ ಚೀಟಿ ಹಚ್ಚಿಬಿಡ್ರಿ.”

ಮಧ್ಯಾಹ್ನ ಮೂರು ದಾಟಿದ ಮೇಲೆ ಅವರ ಹೆಸರು ಸಿಕ್ಕಿತು. ಬಾಗಿಲ ಬಲಕ್ಕೆ, ಮೂರನೇ ಸಾಲಿನಲ್ಲಿ, ಇನ್ನೊಬ್ಬರ ಡಬ್ಬಿಗಳ ಕೆಳಗೆ. ಒಳಗೆ ಕಾಲಿಟ್ಟ ಕೂಡಲೇ ಕೈಗೆ ಸಿಗುವ ಜಾಗ. ನಾವು ಎಡಗೋಡೆಯಿಂದ ಶುರುಮಾಡಿದ್ದೆವು.

ಡಬ್ಬಿಗಳನ್ನು ಗಾಡಿಗೆ ಏರಿಸುತ್ತಿರುವಾಗಲೇ ಮ್ಯಾನೇಜರ್ ಸಾಹೇಬರ ಫೋನು ಬಂತು. ಸುದ್ದಿ ವಿಜಯಪುರಕ್ಕೆ ನಮಗಿಂತ ಮೊದಲು ಮುಟ್ಟಿತ್ತು. ಕಾಕಾ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

“ಏನ್ರಿ ಅದು? ಹಸನ್‌ಸಾಬನ ಕೈಲೆ ಆಗಲಿಲ್ಲ ಹೌದಿಲ್ಲೋ?”

ನನ್ನ ಚೀಲದಲ್ಲಿ ಕಾಕಾ ಸಹಿ ಮಾಡಿದ ಕಾಗದ ಇತ್ತು. ಅದನ್ನು ಓದಿ ಹೇಳಿದ್ದರೆ ನಾನು ಅಲ್ಲಿಂದ ತಲೆಯೆತ್ತಿ ಹೊರಬರಬಹುದಿತ್ತು. ಪರ, ವಿರುದ್ಧ ಎರಡೂ ಭಾಷಣಗಳು ತಲೆಯಲ್ಲಿ ಸಿದ್ಧವಾಗಿದ್ದವು. ಈ ಸಲ ಚೀಟಿ ಎತ್ತಿಸುವವರು ಯಾರೂ ಇರಲಿಲ್ಲ.

“ಸರ್, ಹಳೇದನ್ನ ಒಂದ ತಿಂಗಳ ಇಡಬೇಕಿತ್ತು. ನಾ ಅವತ್ತ ಅಳಿಸೇನಿ. ತಪ್ಪು ನಂದು.”

“ಇಲ್ರಿ ಸಾಹೇಬ್ರ” ಎಂದು ಕಾಕಾ ಫೋನಿನ ಮೇಲೆ ಬಾಗಿದರು. “ಖಾನೆ ತುಂಬು ಅಂತ ನೀವು ಹೇಳಿದ್ರಿ, ನಾ ತುಂಬಿದ್ದಿಲ್ಲ. ತಪ್ಪು ನಂದು.”

“ಕಾಕಾ, ನೀವ್ ಸುಮ್ಮ ಇರ್ರಿ.”

“ನೀವ್ ಸುಮ್ಮ ಇರ್ರಿ ಯವ್ವಾ. ಅವತ್ತ ಎಲ್ಲಾ ನೀವ ಮಾತಾಡೀರಿ. ಇವತ್ತ ನನ್ನ ಪಾಳಿ.”

“ಯಾರರ ಒಬ್ರು ಮಾಡ್ರೆಪಾ ತಪ್ಪಾ!” ಎಂದು ಸಾಹೇಬರು ಕೂಗಿದರು. “ಇಬ್ರೂ ಮಾಡೀನಿ ಅಂದ್ರ ನಾ ಯಾರಿಗೆ ಬೈಲಿ? ಈ ಸೀಜನ್ ಮುಗೀಲಿ. ಅವನ್ನ ಇಡೂದೋ ಬಿಡೂದೋ ಆಮ್ಯಾಲ ನೋಡೂಣು.”

ಮಲ್ಲಪ್ಪನವರು ಗಾಡಿಯ ಮೇಲಿಂದಲೇ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಸೋಲಲೆಂದು ವಾದಿಸಲು ನಿಂತಿದ್ದೆ, ಎದುರಾಳಿ ಸೋಲಗೊಡಲಿಲ್ಲ.

ಇನ್ನೂ ಎರಡು ದಿನ ಹಿಡಿಯಿತು. ನಾನು ಜಾಗದ ಖಾನೆಯನ್ನು ತುಂಬುತ್ತ ಹೋದೆ. ಕಾಕಾ ಫೈಲುಗಳನ್ನು ಒಂದೊಂದಾಗಿ ಎಳೆದು ತೆರೆಯ ಮೇಲೆ ತಮ್ಮ ಕೋಣೆಯನ್ನು ಮತ್ತೆ ಕಟ್ಟಿದರು. ಒಂದೇ ಕೆಲಸವನ್ನು ಇಬ್ಬರೂ ಎರಡು ರೀತಿ ಮಾಡುವುದರಲ್ಲಿ ಅರ್ಥವಿಲ್ಲ ಎಂದು ನನಗೆ ಅನ್ನಿಸಿತು. ಅವರಿಗೂ ಅನ್ನಿಸಿರಬೇಕು. ಆದರೂ ಇಬ್ಬರೂ ಮಾಡಿ ಮುಗಿಸಿದೆವು.

ವರದಿ ಬರೆಯಲು ಕೂತಾಗ ಅರ್ಧ ಪುಟವೂ ತುಂಬಲಿಲ್ಲ. ಎಷ್ಟು ಸಲ ಬರೆದು ಅಳಿಸಿದರೂ ಉಳಿದದ್ದು ಇಷ್ಟೇ: ‘ಹಸನ್‌ಸಾಬರನ್ನು ಅಲ್ಲಿಂದ ತೆಗೆದರೆ ಏನು ಹೋಗುತ್ತದೆ ಎಂದು ಹೇಳಲು ನನಗೆ ಬರುತ್ತಿಲ್ಲ. ಆದರೂ ತೆಗೆಯಬೇಡಿ.’ ನಮ್ಮ ಅಂಗಡಿಯ ಮಾಲೀಕರು ಓದಿ, “ಇದೇನ್ ರಿಪೋರ್ಟ್ ಐತೋ, ಅರ್ಜಿ ಐತೋ?” ಎಂದರು. ವೇದಿಕೆಯ ಮೇಲೆ ಯಾರಾದರೂ ನನ್ನೆದುರು ಇಂಥ ಮಾತು ಆಡಿದ್ದರೆ ಅರ್ಧ ನಿಮಿಷದಲ್ಲಿ ಕೆಡವುತ್ತಿದ್ದೆ. ಹಾಗೇ ಕಳಿಸಿದೆ.

ಆಮೇಲೆ ನಾನು ಯಾರನ್ನೂ ಏನೂ ಕೇಳಲಿಲ್ಲ. ಸೀಜನ್ ಮುಗಿಯಿತು. ಟಿಕೋಟಾ ದಾಟಿ ಎರಡು ಸಲ ಹೋದೆ; ಬಸ್ಸು ಇಳಿಯಲಿಲ್ಲ. ಬಬಲೇಶ್ವರಕ್ಕೆ ಮತ್ತೊಂದು ಕೆಲಸವಿತ್ತು. ಬೇರೆಯವರನ್ನು ಕಳಿಸಿ ಎಂದೆ. ಆ ಗೇಟಿನಲ್ಲಿ, ಬಿಸಿಲಿನಲ್ಲಿ, ಸ್ವೆಟರ್ ಇಲ್ಲದೆ ಕೂತ ಕಾಕಾನನ್ನು ನೋಡಲು ನನಗೆ ಧೈರ್ಯವಿರಲಿಲ್ಲ. ಎಲ್ಲದಕ್ಕೂ ಪುರಾವೆ ಕೇಳುವವಳು ವರ್ಷವಿಡೀ ಪುರಾವೆ ಸಿಗದಂತೆ ದಾರಿ ತಪ್ಪಿಸಿ ಓಡಾಡಿದೆ.

“ಏ, ಕೇಳಾಕತ್ತೇನಿ” ಎಂದಳು ಅವ್ವ. “ಯಾರ ವಿಳಾಸ ಇದು?”

“ವಿಳಾಸ ಅಲ್ಲವ್ವಾ” ಎಂದೆ. “ಕಾಕಾನ ಅಕ್ಷರ ಇವು. ಗೇಟಿನಾಗ ಕುಂತವ್ರು ಡಬ್ಬಿ ಮ್ಯಾಲ ಸಾಲು ಬರಿಯೂದಿಲ್ಲ. ಕಾಕಾ ಒಳಗ ಅದಾರ.”

ಅವಳಿಗೆ ಏನೂ ತಿಳಿಯಲಿಲ್ಲ. ತಿಳಿಯುವಂತೆ ನಾನೂ ಹೇಳಿರಲಿಲ್ಲ. ಒಂದು ಹಿಡಿ ಮಣೂಕ ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ತುಂಬಲು ಅಡುಗೆಮನೆಯ ಮೇಲಿನ ಹಲಗೆಯಿಂದ ಒಂದು ಸ್ಟೀಲಿನ ಡಬ್ಬಿ ತೆಗೆದುಕೊಡಲು ಹೇಳಿದಳು. ಆ ಹಲಗೆಯ ಡಬ್ಬಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಟ್ಟು ಹೆಸರು ಹಚ್ಚಿಬಿಡಬೇಕೆಂದು ನಾನು ಬಹಳ ದಿನದಿಂದ ಹಟ ಹಿಡಿದಿದ್ದೆ. ಸ್ಟೂಲಿನ ಮೇಲೆ ನಿಂತು ಕೇಳಿದೆ:

“ಅವ್ವಾ, ಈ ಸಣ್ಣ ಡಬ್ಬಿ ದೊಡ್ಡದರ ಹಿಂದ ಯಾಕ ಇಟ್ಟೀದಿ?”

“ಯಾಕ ಅಂದ್ರ? ಮೊದಲಿಂದ ಅಲ್ಲೇ ಐತಿ.”

ಇದು ಕಾರಣವಲ್ಲ. ಇದರ ಹಿಂದೆ ಒಂದು ಕಾರಣವಿದ್ದು ಅವಳಿಗೆ ಹೇಳಲು ಬರುತ್ತಿಲ್ಲವೋ, ಅಥವಾ ನಿಜವಾಗಿಯೂ ಏನೂ ಇಲ್ಲವೋ, ನನಗೆ ತಿಳಿಯುವ ದಾರಿ ಯಾವುದು? ಒಂದೇ ಒಂದು ಉದಾಹರಣೆ ಕೊಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಮಣೂಕ ತುಂಬಿದ ಡಬ್ಬಿಯನ್ನು, ಧೂಳಿನಲ್ಲಿ ದುಂಡಗೆ ಉಳಿದಿದ್ದ ಅದರ ಗುರುತಿನ ಮೇಲೇ ಮತ್ತೆ ಇಟ್ಟು, ಸ್ಟೂಲಿನಿಂದ ಇಳಿದೆ.